ಕೆಳಗೆ ಬಿದ್ದ ಲೆನ್ಸ್ ಸರಿಯಿದೆಯಾ? ಮನೆಯಲ್ಲೇ ನೋಡಿಕೊಳ್ಳುವ ಬಗೆ

ತೀರ್ಥಹಳ್ಳಿ ಕಡೆ ಒಂದು ಮದುವೆ. ಬ್ಯಾಗಿನ ಜಿಪ್ ಪೂರ್ತಿ ಹಾಕಿರಲಿಲ್ಲ. ಎತ್ತಿ ಹೆಗಲಿಗೆ ಏರಿಸುವಾಗ ಕ್ಯಾಮೆರಾದ 24-70 ಲೆನ್ಸ್ (24ರಿಂದ 70 ಎಂ.ಎಂ.ವರೆಗೆ ಜೂಮ್ ಆಗುವುದು) ಜಾರಿ ಕಲ್ಲಿನ ಮೆಟ್ಟಿಲ ಮೇಲೆ ಬಿತ್ತು. ಸೊಂಟದೆತ್ತರದಿಂದಲೂ ಅಲ್ಲ, ಮೊಣಕಾಲಿಗಿಂತ ಸ್ವಲ್ಪ ಮೇಲಿನಿಂದ ಅಷ್ಟೇ. ಎತ್ತಿ ನೋಡಿದೆ. ಗಾಜಿಗೆ ಏನೂ ಆಗಿರಲಿಲ್ಲ. ಲೆನ್ಸಿನ ಮುಂದೆ ಬೆಳಕು ಮರೆಮಾಡಲು ಹಾಕುವ ಹುಡ್‌ನ ಅಂಚಿನಲ್ಲಿ ಒಂದು ಬಿಳಿ ಗೀರು ಇತ್ತು. ಕ್ಯಾಮೆರಾಗೆ ಹಾಕಿದೆ, ಫೋಕಸ್ ಆಯಿತು, ಹಿಂದಿನ ಸ್ಕ್ರೀನಿನಲ್ಲಿ ಫೋಟೋ ಚೆನ್ನಾಗೇ ಕಂಡಿತು. ಸದ್ಯ ಬಚಾವಾದೆ ಅಂದುಕೊಂಡು ಇಡೀ ಮದುವೆ ಅದರಲ್ಲೇ ತೆಗೆದೆ.

ಎರಡು ದಿನ ಬಿಟ್ಟು ಕಂಪ್ಯೂಟರಿನಲ್ಲಿ ಗುಂಪು ಫೋಟೋ ತೆರೆದಾಗ ಗೊತ್ತಾಯಿತು. ಮೂರು ಸಾಲು ಜನ. ಎಡತುದಿಯಲ್ಲಿ ನಿಂತ ಹುಡುಗನ ಅಂಗಿಯ ಗುಂಡಿಯಲ್ಲಿದ್ದ ನಾಲ್ಕು ತೂತನ್ನೂ ಎಣಿಸಬಹುದಿತ್ತು. ಬಲತುದಿಯಲ್ಲಿ ಕುರ್ಚಿ ಹಾಕಿ ಕೂರಿಸಿದ್ದ ಅಜ್ಜಿಯ ಮುಖದ ಮೇಲೆ ಮಾತ್ರ ಮಂಜು ಕವಿದ ಹಾಗಿತ್ತು. ತೆಗೆದ ಹನ್ನೊಂದು ಫೋಟೋದಲ್ಲೂ ಹಾಗೇ. ಆ ಅಜ್ಜಿ ಮೊಮ್ಮಗನ ಕೈ ಹಿಡಿದುಕೊಂಡು, ಆ ಒಂದು ಫೋಟೋಗೋಸ್ಕರ ಅರ್ಧ ಗಂಟೆ ಬಿಸಿಲಿನಲ್ಲಿ ಕೂತಿದ್ದರು. ಆ ಬೇಜಾರು ನನಗೆ ಇನ್ನೂ ಹೋಗಿಲ್ಲ.

ಅವತ್ತಿನಿಂದ, ಬಿದ್ದ ಲೆನ್ಸ್ ಸರಿಯಿದೆ ಅಂತ ಕಣ್ಣಲ್ಲಿ ನೋಡಿ ತೀರ್ಮಾನ ಮಾಡುವುದನ್ನು ಬಿಟ್ಟಿದ್ದೇನೆ. ಹೊರಗೆ ಜಜ್ಜಿಹೋದ ಲೆನ್ಸ್ ಒಳಗೆ ಗಟ್ಟಿಯಾಗಿರಬಹುದು. ಹೊರಗೆ ಹೊಸದರಂತೆ ಕಾಣುವುದು ಒಳಗೆ ಓರೆಯಾಗಿರಬಹುದು. 24-70 ತರಹದ ಜೂಮ್ ಲೆನ್ಸಿನ ಒಳಗೆ ಸಾಮಾನ್ಯವಾಗಿ 15ರಿಂದ 20 ಗಾಜುಗಳು ಇರುತ್ತವೆ. ಇವೆಲ್ಲ ಒಂದೇ ನೇರದಲ್ಲಿ, ದಾರಕ್ಕೆ ಪೋಣಿಸಿದ ಮಣಿಯ ಹಾಗೆ ಕೂತಿರಬೇಕು. ಅದರಲ್ಲಿ ಒಂದು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೂ, ಓರೆಯಾದರೂ ಚಿತ್ರದ ಒಂದು ಮಗ್ಗುಲು ಮಸುಕಾಗುತ್ತದೆ. ಇದಕ್ಕೆ ಡಿಸೆಂಟರಿಂಗ್ ಅನ್ನುತ್ತಾರೆ. ಲೆನ್ಸನ್ನು ಕೈಯಲ್ಲಿ ಹಿಡಿದು ಎಷ್ಟು ತಿರುಗಿಸಿ ನೋಡಿದರೂ ಅದು ಕಾಣುವುದಿಲ್ಲ. ಫೋಟೋದ ಎಡ, ಬಲ, ಮೇಲೆ, ಕೆಳಗೆ ಒಂದಕ್ಕೊಂದು ಹೋಲಿಸಿದಾಗ ಮಾತ್ರ ಸಿಕ್ಕಿಬೀಳುತ್ತದೆ.

ನಾನು ಈಗ ಮಾಡುವ ಕ್ರಮವನ್ನು ಹಾಗೇ ಬರೆದಿದ್ದೇನೆ. ಎಲ್ಲಾ ಸೇರಿ ಒಂದು ಗಂಟೆಯ ಕೆಲಸ. ಬೇಕಾಗುವುದು ಒಂದು ಟಾರ್ಚ್, ಒಂದು ಬ್ಲೋವರ್ (ಅದುಮಿದರೆ ಗಾಳಿ ಊದುವ ರಬ್ಬರ್ ಬುಡ್ಡೆ), ಟ್ರೈಪಾಡ್, ಒಂದು ಚಿಕ್ಕ ಕನ್ನಡಿ, ಮತ್ತು ಐದು ಜೆರಾಕ್ಸ್ ಹಾಳೆ.

ಬಿದ್ದ ತಕ್ಷಣ

ಕ್ಯಾಮೆರಾ ಜೊತೆಗೇ ಬಿದ್ದಿದ್ದರೆ ಮೊದಲು ಸ್ವಿಚ್ ಆಫ್ ಮಾಡಿ. ಒಳಗೆ ಏನಾದರೂ ಸಿಕ್ಕಿಕೊಂಡಿದ್ದರೆ ಮೋಟಾರ್ ಅದನ್ನು ಎಳೆದಾಡಿ ಇನ್ನಷ್ಟು ಕೆಡಿಸುತ್ತದೆ. ಕಿವಿ ಹತ್ತಿರ ಹಿಡಿದು ಅಲುಗಾಡಿಸುವುದು, ಜೂಮ್ ರಿಂಗನ್ನು ಗರಗರ ತಿರುಗಿಸುವುದು ಎಲ್ಲರಿಗೂ ಬರುವ ಮೊದಲ ಬುದ್ಧಿ. ಅದನ್ನು ತಡೆದುಕೊಳ್ಳಿ. ಗಾಜಿನ ಚೂರೋ ಸಡಿಲವಾದ ಸ್ಕ್ರೂವೋ ಒಳಗಿದ್ದರೆ ಒಂದೇ ಅಲುಗಾಟಕ್ಕೆ ಗೀರು ಹಾಕಿಬಿಡುತ್ತದೆ.

ಬಿದ್ದ ಜಾಗದಲ್ಲೇ ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದಿಡಿ. ಕೆಳಗೆ ಬಿದ್ದು ಪೆಟ್ಟಾದರೆ ಕಂಪನಿಯ ಮಾಮೂಲು ವಾರಂಟಿ ಅನ್ವಯಿಸುವುದಿಲ್ಲ. ಆದರೆ ಇನ್ಶೂರೆನ್ಸ್ ಮಾಡಿಸಿದ್ದರೆ ಈ ಫೋಟೋಗಳು ಕೆಲಸಕ್ಕೆ ಬರುತ್ತವೆ. ರಿಪೇರಿಯವರಿಗೂ ಪೆಟ್ಟು ಎಲ್ಲಿ ಬಿತ್ತು ಅಂತ ತೋರಿಸಬಹುದು.

ಹೇಗೆ ಬಿತ್ತು ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಮುಂಭಾಗ ಕೆಳಗಾಗಿ ಬಿದ್ದರೆ ಫಿಲ್ಟರ್ ರಿಂಗು ಮತ್ತು ಮುಂದಿನ ಗಾಜಿನ ಗುಂಪಿಗೆ ಪೆಟ್ಟು. ಪಕ್ಕಕ್ಕೆ ಬಿದ್ದರೆ ಜೂಮ್ ಕೊಳವೆಗೆ. ಕ್ಯಾಮೆರಾಗೆ ಹಾಕಿದ್ದಾಗ ಬಿದ್ದರೆ ಇಡೀ ಲೆನ್ಸ್ ಸನ್ನೆಕೋಲಿನ ಹಾಗೆ ಮೀಟುತ್ತದೆ, ಆ ಭಾರವೆಲ್ಲ ಹೋಗಿ ಬೀಳುವುದು ಮೌಂಟಿನ ಮೇಲೆ, ಅಂದರೆ ಲೆನ್ಸು ಕ್ಯಾಮೆರಾಗೆ ಸೇರುವ ಬಳೆಯ ಮೇಲೆ. 70-200 ತರಹದ ಉದ್ದ, ಭಾರದ ಲೆನ್ಸ್ ಆದರೆ ಇದು ಇನ್ನೂ ಜಾಸ್ತಿ.

ಹೊಳೆದಂಡೆಯ ಮರಳಿನಲ್ಲೋ ಕೆಸರಿನಲ್ಲೋ ಬಿದ್ದಿದ್ದರೆ ಯಾವ ರಿಂಗನ್ನೂ ಮುಟ್ಟಬೇಡಿ. ಮೊದಲು ಬ್ಲೋವರಿನಿಂದ ಊದಿ, ಮೆದು ಬ್ರಷ್ಷಿನಿಂದ ಮರಳು ತೆಗೆದು ಆಮೇಲೆ ಮುಂದಿನ ಹೆಜ್ಜೆ.

ಫಿಲ್ಟರ್ ಒಡೆದಿದ್ದರೆ

ಲೆನ್ಸಿನ ಮುಂದೆ ರಕ್ಷಣೆಗೆ ಹಾಕುವ ಗಾಜು, ಯುವಿ ಫಿಲ್ಟರ್, ಪುಡಿಯಾಗಿದ್ದು ಕಂಡರೆ ಎದೆ ಧಸಕ್ ಅನ್ನುತ್ತದೆ. ಎಷ್ಟೋ ಸಲ ಒಡೆದಿರುವುದು ಅದು ಮಾತ್ರ, ಹಿಂದಿನ ಗಾಜು ಚೆನ್ನಾಗೇ ಇರುತ್ತದೆ. ಆ ಒಳ್ಳೆಯ ಗಾಜನ್ನು ಹಾಳು ಮಾಡುವುದು ನಾವು, ಒರೆಸಲು ಹೋಗಿ.

ಲೆನ್ಸಿನ ಮುಖ ಕೆಳಗೆ ಮಾಡಿ ಹಿಡಿಯಿರಿ. ಕೆಳಗೆ ಹಳೇ ಪೇಪರ್ ಹಾಸಿ. ಬ್ಲೋವರಿನಿಂದ ಊದಿದರೆ ಸಡಿಲವಾದ ಚೂರುಗಳು ಬೀಳುತ್ತವೆ. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ, ಚೂರು ಕಣ್ಣಿಗೂ ಬರಬಹುದು. ಆಮೇಲೆ ಅದೇ ಭಂಗಿಯಲ್ಲಿ ಫಿಲ್ಟರನ್ನು ಮೆಲ್ಲಗೆ ತಿರುಗಿಸಿ ನೋಡಿ. ಬಂದರೆ ಬಂತು. ಬರದಿದ್ದರೆ ರಿಂಗಿನ ಸುತ್ತ ಒಂದು ಅಗಲ ರಬ್ಬರ್ ಬ್ಯಾಂಡ್ ಹಾಕಿ, ಬೆರಳನ್ನೆಲ್ಲ ಸುತ್ತ ಇಟ್ಟು ಒಂದೇ ಸಮ ತಿರುಗಿಸಿ. ಎರಡೇ ಬೆರಳಲ್ಲಿ ಗಟ್ಟಿಯಾಗಿ ಹಿಡಿದರೆ ರಿಂಗ್ ಮೊಟ್ಟೆಯಾಕಾರಕ್ಕೆ ಅದುಮಿ ಇನ್ನೂ ಬಿಗಿಯಾಗುತ್ತದೆ. ಕಟಿಂಗ್ ಪ್ಲೇಯರ್ ಮಾತ್ರ ಮುಟ್ಟಲೇಬೇಡಿ.

ಫಿಲ್ಟರ್ ಬಂದ ಮೇಲೆ ಲೆನ್ಸಿನ ಮುಂದಿನ ಎಳೆಗಳನ್ನು, ಅಂದರೆ ಫಿಲ್ಟರ್ ಕೂರುವ ತಿರುಪಿನ ಸುತ್ತುಗಳನ್ನು ನೋಡಿ. ಒಂದು ಕಡೆ ನೆಗ್ಗಿದ್ದರೆ ಮುಂದೆ ಫಿಲ್ಟರ್ ಕೂರುವುದಿಲ್ಲ. ಫೋಟೋ ಗುಣಕ್ಕೆ ಇದರಿಂದ ತೊಂದರೆಯಿಲ್ಲ. ಎಳೆ ಸರಿಮಾಡುವ ಉಪಕರಣ ರಿಪೇರಿಯವರ ಹತ್ತಿರ ಇರುತ್ತದೆ, ಅವರ ಕೈಯಲ್ಲೇ ಮಾಡಿಸಿ.

ಟಾರ್ಚ್ ಹಿಡಿದು ಗಾಜು ನೋಡುವುದು

ಕೋಣೆ ಸ್ವಲ್ಪ ಕತ್ತಲು ಮಾಡಿಕೊಳ್ಳಿ. ಲೆನ್ಸಿನ ಎರಡೂ ಮುಚ್ಚಳ ತೆಗೆದು, ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ನೇರ ನೋಡಿದರೆ ಕಣ್ಣು ಕೋರೈಸುತ್ತದೆ. ಸೂರ್ಯನ ಕಡೆ ಹಿಡಿದು ಒಳಗೆ ಕಣ್ಣಿಡಬೇಡಿ, ಕಣ್ಣೇ ಹೋಗುತ್ತದೆ.

ಗಾಜಿನ ಅಂಚಿನಲ್ಲಿ ಉಗುರಿನಾಕಾರದ ಚಕ್ಕೆ ಎದ್ದಿದೆಯಾ, ಒಳಗೆ ಕೂದಲಿನಂಥ ಬಿರುಕು ಇದೆಯಾ, ಕಪ್ಪು ಬಣ್ಣದ ಚೂರು ಉದುರಿದೆಯಾ, ಪುಟ್ಟ ಸ್ಕ್ರೂ ಏನಾದರೂ ಉರುಳಾಡುತ್ತಿದೆಯಾ ಅಂತ ನೋಡಿ. ನಾಲ್ಕಾರು ಧೂಳಿನ ಕಣಕ್ಕೆ ಹೆದರಬೇಡಿ. ಅದು ಹೊಸ ಲೆನ್ಸಿನಲ್ಲೂ ಇರುತ್ತದೆ, ಫೋಟೋದಲ್ಲಿ ಕಾಣುವುದಿಲ್ಲ. ಮುಂದಿನ ಗಾಜಿನ ಮೇಲೆ ಒಂದು ಸಣ್ಣ ಗೀರಿದ್ದರೂ ಮಾಮೂಲಿ ಬೆಳಕಿನಲ್ಲಿ ಗೊತ್ತಾಗುವುದಿಲ್ಲ, ದೀಪಕ್ಕೆ ಎದುರಾಗಿ ತೆಗೆದಾಗ ಸ್ವಲ್ಪ ಮಬ್ಬು ಬರಬಹುದು. ಹಿಂದಿನ ಗಾಜಿನ ಗೀರು ಹಾಗಲ್ಲ. ಅದು ಚಿತ್ರ ಹಿಡಿಯುವ ಸೆನ್ಸರಿಗೆ ಹತ್ತಿರ ಇರುವುದರಿಂದ ಜಾಸ್ತಿ ತೊಂದರೆ ಕೊಡುತ್ತದೆ.

ಮೌಂಟ್

ಲೆನ್ಸ್ ಕ್ಯಾಮೆರಾದಲ್ಲೇ ಇದ್ದರೆ ತೆಗೆಯುವ ಮೊದಲು ಎರಡೂ ಸೇರುವ ಗೆರೆಯನ್ನು ಕಣ್ಣಿನ ಮಟ್ಟಕ್ಕೆ ತಂದು, ಹಿಂದೆ ಬೆಳಕಿಟ್ಟು ಸುತ್ತ ನೋಡಿ. ಸಂದು ಎಲ್ಲ ಕಡೆ ಒಂದೇ ಸಮ ಇರಬೇಕು. ಒಂದು ಕಡೆ ಬೆಳಕು ತೂರುತ್ತಿದ್ದರೆ ಮೌಂಟ್ ಬಾಗಿದೆ ಅಥವಾ ಅದರ ಸ್ಕ್ರೂ ಎದ್ದಿದೆ.

ಲೆನ್ಸ್ ಹಿಡಿದು ಮೆಲ್ಲಗೆ ಆಡಿಸಿ. ತಿರುಗುವ ದಿಕ್ಕಿನಲ್ಲಿ ಒಂಚೂರು ಆಟ ಇರುವುದು ಮಾಮೂಲು. ಮೇಲೆ ಕೆಳಗೆ ಲಟಲಟ ಅಂದರೆ ಅದು ಪೆಟ್ಟು. ಬಿಡಿಸುವಾಗ ಬಿಗಿಯಾಗಿದ್ದರೆ ಜೋರು ಮಾಡಬೇಡಿ, ಹಾಗೇ ಸರ್ವಿಸ್‌ಗೆ ಒಯ್ಯಿರಿ.

ಈ ಜಾಗಕ್ಕೆ ಯಾಕೆ ಇಷ್ಟು ಮಹತ್ವ ಅಂದರೆ, ಮೌಂಟಿನ ಮುಖದಿಂದ ಸೆನ್ಸರಿಗೆ ಇರುವ ದೂರ ಅಳೆದಿಟ್ಟದ್ದು. ಒಳಗೆ ಕನ್ನಡಿ ಇರುವ ಡಿಎಸ್ಎಲ್ಆರ್ ಕ್ಯಾಮೆರಾಗಳಲ್ಲಿ ನಿಕಾನ್ ಎಫ್ ಮೌಂಟಿಗೆ 46.5 ಮಿ.ಮೀ., ಕ್ಯಾನನ್ ಇಎಫ್‌ಗೆ 44; ಕನ್ನಡಿ ಇಲ್ಲದ ಮಿರರ್‌ಲೆಸ್‌ಗಳಲ್ಲಿ ಕ್ಯಾನನ್ ಆರ್‌ಎಫ್‌ಗೆ 20, ಸೋನಿ ಇಗೆ 18, ನಿಕಾನ್ ಝಡ್‌ಗೆ 16. ಈ ದೂರ ಒಂದು ಕಡೆ ಸ್ವಲ್ಪ ಹೆಚ್ಚುಕಡಿಮೆ ಆದರೂ ಚಿತ್ರದ ಒಂದು ಮಗ್ಗುಲು ಫೋಕಸ್ ತಪ್ಪುತ್ತದೆ. ಮಿರರ್‌ಲೆಸ್ ಕ್ಯಾಮೆರಾದಲ್ಲಿ ಆ ದೂರ ಕಮ್ಮಿ ಇರುವುದರಿಂದ ಲೆನ್ಸಿನ ಹಿಂಭಾಗ, ಸೆನ್ಸರ್ ಎರಡೂ ಹತ್ತಿರ. ಹಾಗಾಗಿ ಲೆನ್ಸ್ ತೆಗೆದ ಮೇಲೆ ಸೆನ್ಸರ್ ಕಡೆಯೂ ಒಂದು ಸಲ ಟಾರ್ಚ್ ಬಿಡಿ.

ಪ್ಲಾಸ್ಟಿಕ್ ಮೌಂಟ್ ಆದರೆ ಹಲ್ಲುಗಳನ್ನು ಒಂದೊಂದಾಗಿ ನೋಡಿ. ಕ್ಯಾಮೆರಾ ಜೊತೆಗೇ ಬರುವ 18-55 ಕಿಟ್ ಲೆನ್ಸುಗಳಲ್ಲಿ ಬಹಳಷ್ಟಕ್ಕೆ ಪ್ಲಾಸ್ಟಿಕ್ ಮೌಂಟೇ ಇರುವುದು. ಕ್ಯಾನನ್‌ನ ಹಳೆಯ 50 ಎಂ.ಎಂ. ಎಫ್ 1.8 ಎರಡನೇ ಮಾದರಿಗೂ ಹಾಗೇ. 2015ರಲ್ಲಿ ಬಂದ ಎಸ್‌ಟಿಎಂ ಮಾದರಿಗೆ ಲೋಹದ ಮೌಂಟ್ ಕೊಟ್ಟರು. ಪ್ಲಾಸ್ಟಿಕ್ ಹಲ್ಲು ಮುರಿದರೆ ಒಂದು ರೀತಿಯಲ್ಲಿ ಒಳ್ಳೆಯದೇ, ಎಷ್ಟೋ ಸಲ ಪೆಟ್ಟು ಕ್ಯಾಮೆರಾದ ಬಾಡಿಯವರೆಗೆ ಹೋಗದೆ ಅಲ್ಲೇ ನಿಂತಿರುತ್ತದೆ.

ಮೌಂಟಿನ ಸ್ಕ್ರೂ ಸಡಿಲ ಕಂಡರೂ ಮನೆಯ ಸ್ಕ್ರೂಡ್ರೈವರ್ ಹಾಕಬೇಡಿ. ಜಪಾನಿನ ಲೆನ್ಸುಗಳಲ್ಲಿ ಸಾಮಾನ್ಯವಾಗಿ ಇರುವುದು ಅಲ್ಲಿನದೇ ಅಳತೆಯ ಜೆಐಎಸ್ ತಲೆಯ ಸ್ಕ್ರೂ. ನಮ್ಮ ಸ್ಟಾರ್ ಸ್ಕ್ರೂಡ್ರೈವರಿನ ಹಾಗೇ ಕಂಡರೂ ಅದು ಸರಿಯಾಗಿ ಕೂರುವುದಿಲ್ಲ, ತಲೆ ಸವೆದುಹೋಗುತ್ತದೆ. ಮೌಂಟ್ ಬಿಚ್ಚುವುದಂತೂ ಬೇಡ. ಎಷ್ಟೋ ಲೆನ್ಸುಗಳಲ್ಲಿ ಅದರಡಿ ಕಾಗದದಂಥ ತೆಳು ಬಿಲ್ಲೆಗಳಿರುತ್ತವೆ, ಮೇಲೆ ಹೇಳಿದ ದೂರವನ್ನು ಸರಿಹೊಂದಿಸಲು ಕಂಪನಿಯವರು ಹಾಕಿದ್ದು. ಒಂದು ಜಾರಿ ಬಿದ್ದರೆ ಲೆಕ್ಕವೇ ತಪ್ಪಿತು.

ಕೊನೆಗೆ, ಹಿಂದಿನ ಚಿನ್ನದ ಬಣ್ಣದ ಕಾಂಟ್ಯಾಕ್ಟ್‌ಗಳು. ಒಣಗಿದ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಯಾವುದಾದರೂ ಒಳಗೆ ಹೋಗಿ ಕೂತಿದೆಯಾ ನೋಡಿ.

ರಿಂಗುಗಳು, ಮೋಟಾರು, ಅಪರ್ಚರ್

ಈಗ ಜೂಮ್ ರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನಕ್ಕೆ ತಿರುಗಿಸಿ. ಕಣ್ಣು ಮುಚ್ಚಿಕೊಂಡು ತಿರುಗಿಸಿದರೆ ಬೆರಳಿಗೆ ಚೆನ್ನಾಗಿ ಗೊತ್ತಾಗುತ್ತದೆ. ಒಂದು ಜಾಗದಲ್ಲಿ ಮಾತ್ರ ಬಿಗಿ, ಮರಳು ಸಿಕ್ಕ ಹಾಗೆ ಕರಕರ, ಅಥವಾ ಹೊರಬಂದ ಕೊಳವೆ ಒಂದು ಕಡೆಗೆ ವಾಲುವುದು, ಇವು ಕೆಟ್ಟ ಸೂಚನೆ. ಎಷ್ಟೋ ಲೆನ್ಸುಗಳಲ್ಲಿ ಜೂಮ್ ಕೊಳವೆ ಓಡಾಡುವುದು ಪುಟ್ಟ ನೈಲಾನ್ ರೋಲರುಗಳ ಮೇಲೆ. ಪೆಟ್ಟು ಬಿದ್ದಾಗ ಹಲವು ಸಲ ಮೊದಲು ಮುರಿಯುವುದು ಇವೇ. ನನ್ನ ಲೆನ್ಸಿನಲ್ಲಿ ಆಗಿದ್ದೂ ಇದೇ, ಮೂರರಲ್ಲಿ ಒಂದು ರೋಲರ್ ಸೀಳಿತ್ತು.

ಶಬ್ದದ ಬಗ್ಗೆ ಒಂದು ಮಾತು. ಲೆನ್ಸ್ ಅಲುಗಿದಾಗ ಒಳಗೆ ಟಕ್ ಟಕ್ ಅಂದರೆ ಮುರಿದೇ ಹೋಯಿತು ಅಂತಲ್ಲ. ಲೀನಿಯರ್ ಮೋಟಾರ್ ಇರುವ ಲೆನ್ಸುಗಳಲ್ಲಿ ಕರೆಂಟ್ ಇಲ್ಲದಾಗ ಫೋಕಸ್ ಗಾಜು ಸಡಿಲವಾಗಿ ಜಾರಾಡುತ್ತದೆ, ಕಂಪನ ತಡೆಯುವ ವ್ಯವಸ್ಥೆ ಇರುವ ಕೆಲವು ಲೆನ್ಸಿನಲ್ಲೂ ಹಾಗೇ. ಕ್ಯಾಮೆರಾ ಆನ್ ಮಾಡಿದ ಮೇಲೆ ಶಬ್ದ ನಿಂತರೆ ಅದು ಅದರ ಗುಣ. ಆನ್ ಆದ ಮೇಲೂ ಏನೋ ಉರುಳುತ್ತಿದ್ದರೆ ಅದು ಚೂರೋ ಸ್ಕ್ರೂವೋ.

ಕ್ಯಾಮೆರಾ ಆನ್ ಮಾಡಿ ಫೋಕಸ್ ನೋಡಿ. ಹತ್ತಿರದ ಒಂದು ವಸ್ತು, ದೂರದ ಒಂದು ವಸ್ತು, ಹತ್ತು ಸಲ ಅದಲು ಬದಲು. ಆಮೇಲೆ ಕ್ಯಾಮೆರಾ ಮೇಲ್ಮುಖ ಮಾಡಿ ಹತ್ತು ಸಲ, ಕೆಳಮುಖ ಮಾಡಿ ಹತ್ತು ಸಲ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಅಡ್ಡ ಹಿಡಿದಾಗ ಸರಿಯಾಗಿ ಓಡುವ ಫೋಕಸ್, ಮರದ ಮೇಲಿನ ಹಕ್ಕಿಗೆ ಎತ್ತಿದಾಗ ತಡವರಿಸಬಹುದು. ಯಾಕಂದರೆ ಆಗ ಮೋಟಾರ್ ಗಾಜಿನ ಭಾರವನ್ನೂ ಎತ್ತಬೇಕು. ದೂರದ ಗುಡ್ಡದ ಮೇಲಿನ ಮೊಬೈಲ್ ಟವರಿಗೆ ಫೋಕಸ್ ಆಗುತ್ತದೆಯಾ ನೋಡಿ. ಕಂಬಿಗಳು ಚೂಪಾಗಿ ಬರಲೇ ಇಲ್ಲವಾದರೆ ಒಳಗಿನ ಗಾಜುಗಳ ನಡುವಿನ ಅಂತರ ತಪ್ಪಿರಬಹುದು.

ಅಪರ್ಚರ್ ಅಂದರೆ ಲೆನ್ಸಿನೊಳಗೆ ತೆಳು ಎಲೆಗಳಿಂದಾದ, ಬೆಳಕು ಬಿಡುವ ಕಂಡಿ. ಎಫ್ ಸಂಖ್ಯೆ ಏರಿದಷ್ಟೂ ಅದು ಕಿರಿದಾಗುತ್ತದೆ. ಅದನ್ನು ನೋಡುವುದು ಸುಲಭ. ಶಟರ್ ವೇಗವನ್ನು ಕ್ಯಾಮೆರಾವೇ ಆರಿಸುವ ಅಪರ್ಚರ್ ಪ್ರಯಾರಿಟಿಗೆ ಹಾಕಿ, ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಒಂದೇ ಇಟ್ಟು, ಒಂದೇ ಗೋಡೆಯನ್ನು ಎಫ್ 4, 5.6, 8, 11, 16ರಲ್ಲಿ ತೆಗೆಯಿರಿ. ಎಫ್ 4ಕ್ಕೆ ಶಟರ್ 1/500 ಸೆಕೆಂಡ್ ಇದ್ದರೆ ಎಫ್ 8ಕ್ಕೆ 1/125, ಎಫ್ 16ಕ್ಕೆ 1/30ರ ಹತ್ತಿರ ಬರಬೇಕು, ಐದೂ ಫೋಟೋ ಒಂದೇ ಬೆಳಕಿನಲ್ಲಿ ಕಾಣಬೇಕು. ಸಂಖ್ಯೆ ಏರಿದ ಹಾಗೆ ಫೋಟೋ ಬೆಳ್ಳಗಾಗುತ್ತಾ ಹೋದರೆ ಎಲೆಗಳು ಮುಚ್ಚುತ್ತಿಲ್ಲ. ಕ್ಯಾನನ್ ಡಿಎಸ್ಎಲ್ಆರ್‌ನಲ್ಲಿ ಎಫ್ 4ಕ್ಕೆ ಸರಿ ತೆಗೆದು, ಎಫ್ 8ಕ್ಕೆ ಎರರ್ 01 ತೋರಿಸಿದರೆ ಅಪರ್ಚರ್ ಅಥವಾ ಅದರ ಪಟ್ಟಿ ಕೇಬಲ್ ಮೇಲೆ ಅನುಮಾನ ಪಡಿ. ನಿಕಾನ್‌ನಲ್ಲಿ ಎಫ್ ಪಕ್ಕ ಎರಡು ಗೀಟು ಕಂಡರೆ ಲೆನ್ಸ್ ಜೊತೆ ಮಾತುಕತೆಯೇ ಆಗುತ್ತಿಲ್ಲ ಅಂತ ಅರ್ಥ.

ಕಂಪನ ತಡೆ ಇರುವ ಲೆನ್ಸ್ ಆದರೆ ಅದನ್ನು ಆನ್ ಮಾಡಿ ಶಟರ್ ಅರ್ಧ ಒತ್ತಿ ಹಿಡಿಯಿರಿ. ಸಣ್ಣ ಗುಂಯ್ ಶಬ್ದ ಸರಿ. ವ್ಯೂಫೈಂಡರಿನಲ್ಲಿ ಚಿತ್ರ ನಡುಗಿದರೆ, ಒಂದು ಮೂಲೆಗೆ ನೆಗೆದರೆ ಸರಿಯಿಲ್ಲ.

ಜೆರಾಕ್ಸ್ ಹಾಳೆಯ ಪರೀಕ್ಷೆ

ಮೇಲಿನದೆಲ್ಲ ಪಾಸಾದರೂ ಇದನ್ನು ಬಿಡಬೇಡಿ. ನನ್ನ ಲೆನ್ಸ್ ಮೇಲಿನದರಲ್ಲಿ ಹೆಚ್ಚುಕಡಿಮೆ ಎಲ್ಲ ಪಾಸಾಗಿತ್ತು.

ಯಾವುದಾದರೂ ಕನ್ನಡ ಪೇಪರಿನ ಸಣ್ಣ ಜಾಹೀರಾತುಗಳ ಪುಟ ತೆಗೆದುಕೊಳ್ಳಿ. ಅಕ್ಷರ ಸಣ್ಣ, ಒತ್ತೊತ್ತಾಗಿ ಇರುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಅದೇ ಅಳತೆಗೆ, ಎ4 ಹಾಳೆಯಲ್ಲಿ ಒಂದೇ ಜಾಗದ ಐದು ಪ್ರತಿ ತೆಗೆಸಿ. ಬೇರೆ ಬೇರೆ ಪುಟ ಅಂಟಿಸುವುದಕ್ಕಿಂತ ಇದು ಎಷ್ಟೋ ಮೇಲು, ಯಾಕಂದರೆ ಆಮೇಲೆ ಒಂದೇ ಅಕ್ಷರವನ್ನು ಐದು ಜಾಗದಲ್ಲಿ ಹೋಲಿಸಬಹುದು.

ಜಗಲಿಯ ಗೋಡೆಯಂಥ, ನೆರಳಿದ್ದು ಒಂದೇ ಸಮ ಬೆಳಕಿರುವ ಚಪ್ಪಟೆ ಗೋಡೆ ಆರಿಸಿಕೊಳ್ಳಿ. ಸುಮಾರು ಒಂದೂವರೆ ಮೀಟರ್ ಅಗಲ, ಒಂದು ಮೀಟರ್ ಎತ್ತರದ ಆಯತದ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಹಾಳೆ ಅಂಟಿಸಿ. ನಾಲ್ಕೂ ಅಂಚಿಗೆ ಟೇಪ್ ಹಾಕಿ. ಹಾಳೆ ಉಬ್ಬಿದರೆ ಅದೇ ಮಸುಕು ಅನ್ನಿಸಿಬಿಡುತ್ತದೆ. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಇಷ್ಟು ಜಾಗ ತುಂಬಲು 24 ಎಂ.ಎಂ.ಗೆ ಒಂದು ಮೀಟರ್ ದೂರ, 70ಕ್ಕೆ ಮೂರು ಮೀಟರ್ ದೂರ ನಿಲ್ಲಬೇಕು. ಅದಕ್ಕಿಂತ ಚಿಕ್ಕ ಸೆನ್ಸರಿನ ಕ್ರಾಪ್ ಸೆನ್ಸರ್ ಕ್ಯಾಮೆರಾದಲ್ಲಿ 18-55 ಹಾಕಿದರೂ ದೂರ ಹತ್ತಿರ ಹತ್ತಿರ ಇಷ್ಟೇ.

ಕ್ಯಾಮೆರಾ ಗೋಡೆಗೆ ಸರಿಯಾಗಿ ಎದುರಾಗಿರಬೇಕು. ಕಣ್ಣಂದಾಜು ಇಲ್ಲಿ ಸಾಲದು. ಚಿತ್ರದ ನಡುಮಧ್ಯ ಬರುವ ಜಾಗದಲ್ಲಿ ಚಿಕ್ಕ ಕನ್ನಡಿಯನ್ನು ಗೋಡೆಗೆ ಚಪ್ಪಟೆಯಾಗಿ ಒತ್ತಿ ಹಿಡಿಯಲು ಯಾರಿಗಾದರೂ ಹೇಳಿ. ವ್ಯೂಫೈಂಡರಿನಲ್ಲಿ ನೋಡಿದಾಗ ಕನ್ನಡಿಯೊಳಗೆ ನಿಮ್ಮ ಲೆನ್ಸೇ ಕಾಣಬೇಕು, ಅದೂ ಚಿತ್ರದ ನಟ್ಟನಡುವೆ. ಪಕ್ಕಕ್ಕೆ ಕಂಡರೆ ಟ್ರೈಪಾಡ್ ಸರಿಸಿ. ಇಷ್ಟು ಮಾಡಿದರೆ ಮುಂದಿನ ಅರ್ಧ ಗೊಂದಲ ಇರುವುದಿಲ್ಲ.

ಐಎಸ್ಒ 100. ಕಂಪನ ತಡೆ ಆಫ್. ಎರಡು ಸೆಕೆಂಡಿನ ಟೈಮರ್. ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಫೈಲ್) ಇದ್ದರೆ ರಾ, ಕ್ಯಾಮೆರಾದೊಳಗಿನ ಲೆನ್ಸ್ ಕರೆಕ್ಷನ್ ಆಫ್. ಲೈವ್ ವ್ಯೂನಲ್ಲಿ, ಅಂದರೆ ಹಿಂದಿನ ಸ್ಕ್ರೀನಿನಲ್ಲಿ, ದೊಡ್ಡದು ಮಾಡಿ ನಡುವಿನ ಹಾಳೆಗೆ ಫೋಕಸ್ ಮಾಡಿ. ಮೊದಲು ಅಪರ್ಚರ್ ಪೂರ್ತಿ ತೆರೆದು ಮೂರು ಫೋಟೋ, ಆಮೇಲೆ ಎಫ್ 8ರಲ್ಲಿ ಮೂರು. ಜೂಮ್ ಆದರೆ ಇದನ್ನು ಮೂರು ಕಡೆ ಮಾಡಬೇಕು: ಅಗಲದ ತುದಿ, ನಡು, ಉದ್ದದ ತುದಿ. ನನ್ನ ಲೆನ್ಸ್ 24ರಲ್ಲಿ ಹೊಸದರ ಹಾಗೇ ಇತ್ತು. 50 ದಾಟಿದ ಮೇಲೆ ಮಾತ್ರ ಬಲಗಡೆ ಕೆಡುತ್ತಿತ್ತು. ಮದುವೆ ಮನೆಯಲ್ಲಿ ನಾನು ಪರೀಕ್ಷೆಗೆ ಅಂತ ತೆಗೆದದ್ದು 24ರಲ್ಲಿ, ಗುಂಪು ಫೋಟೋ ತೆಗೆದದ್ದು 55ರಲ್ಲಿ.

ಕಂಪ್ಯೂಟರಿನಲ್ಲಿ ನೂರಕ್ಕೆ ನೂರು ದೊಡ್ಡದು ಮಾಡಿ ನೋಡಿ. ಹಾಳೆಯಲ್ಲಿ ಒಂದು ಒತ್ತಕ್ಷರ ಆರಿಸಿಕೊಳ್ಳಿ. ನಾನು ನೋಡುವುದು 'ಕ್ಷೇತ್ರ' ಅಥವಾ 'ಸಂಪರ್ಕಿಸಿ' ಅನ್ನುವ ಪದ, ಜಾಹೀರಾತಿನಲ್ಲಿ ಇದ್ದೇ ಇರುತ್ತದೆ. ಎಡ ಮೇಲಿನ ಮೂಲೆಯಲ್ಲಿ 'ಸಂಪರ್ಕಿಸಿ' ಪದದ ಅರ್ಕಾವತ್ತಿನ ಸುಳಿಯೊಳಗಿನ ಬಿಳಿ ಜಾಗ ಕಾಣುತ್ತದೆ. ಬಲ ಮೇಲಿನ ಮೂಲೆಯಲ್ಲಿ ಅದೇ ಸುಳಿ ಕಪ್ಪು ಚುಕ್ಕೆಯಾಗಿ ಕೂಡಿಹೋಗಿದೆ. ಅಲ್ಲಿಗೆ ಉತ್ತರ ಸಿಕ್ಕಿತು.

ಓದುವ ಬಗೆ ಹೀಗೆ. ನಡು ಚೂಪು, ನಾಲ್ಕೂ ಮೂಲೆ ಒಂದೇ ಪ್ರಮಾಣದಲ್ಲಿ ಸ್ವಲ್ಪ ಮೆದು ಅಂದರೆ ಆ ಲೆನ್ಸಿನ ಸ್ವಭಾವ, ಪೆಟ್ಟಲ್ಲ. ಎಫ್ 8ಕ್ಕೆ ಬಂದಾಗ ಅದು ಸುಧಾರಿಸುತ್ತದೆ. ಎಲ್ಲ ಕಡೆ ಮಸುಕು ಅಂದರೆ ಮೊದಲು ನಿಮ್ಮ ಫೋಕಸ್, ಟ್ರೈಪಾಡ್ ನೋಡಿ, ಮತ್ತೆ ತೆಗೆಯಿರಿ. ಒಂದು ಮೂಲೆಯೋ ಒಂದು ಮಗ್ಗುಲೋ ಮಾತ್ರ ಕೆಟ್ಟಿದ್ದು, ಎಫ್ 8ರಲ್ಲೂ ಅದರ ಎದುರಿನ ಮಗ್ಗುಲಿಗೆ ಸಮ ಬರದಿದ್ದರೆ ಒಳಗೆ ಏನೋ ಓರೆಯಾಗಿದೆ.

ಆದರೂ ಒಂದು ಅನುಮಾನ ಉಳಿಯುತ್ತದೆ ಅಲ್ವಾ, ನಾನೇ ಕ್ಯಾಮೆರಾ ಸೊಟ್ಟ ಇಟ್ಟಿದ್ದೆನೇನೋ ಅಂತ? ಅದಕ್ಕೂ ದಾರಿ ಇದೆ. ಕ್ಯಾಮೆರಾವನ್ನು ತಲೆಕೆಳಗು ಮಾಡಿ ಮತ್ತೆ ತೆಗೆಯಿರಿ. ಟ್ರೈಪಾಡಿನಲ್ಲಿ ಆಗದಿದ್ದರೆ ಮೇಜಿನ ಮೇಲೆ ದಿಂಬಿಟ್ಟು ಕೂರಿಸಿ, ಕನ್ನಡಿಯಿಂದ ನೇರ ಮಾಡಿಕೊಳ್ಳಿ. ಆ ಫೋಟೋವನ್ನು ಕಂಪ್ಯೂಟರಿನಲ್ಲಿ ತಿರುಗಿಸದೆ ನೋಡಬೇಕು. ಮೊದಲ ಸಲ ಫ್ರೇಮಿನ ಬಲಗಡೆ ಮಸುಕಿತ್ತು. ಈಗಲೂ ಫ್ರೇಮಿನ ಬಲಗಡೆಯೇ ಮಸುಕಿದ್ದರೆ ಅದು ಲೆನ್ಸಿನದ್ದೋ ಮೌಂಟಿನದ್ದೋ ದೋಷ. ಮಸುಕು ಗೋಡೆಯ ಅದೇ ಹಾಳೆಯ ಜೊತೆ ಎಡಕ್ಕೆ ಹೋಗಿದ್ದರೆ, ಕ್ಯಾಮೆರಾ ನಿಲ್ಲಿಸಿದ್ದು ಅಥವಾ ಹಾಳೆ ಅಂಟಿಸಿದ್ದು ತಪ್ಪು.

ಇನ್ನೊಂದು ಸಲ, ಈಗ ಕೆಟ್ಟ ಮೂಲೆಗೇ ಫೋಕಸ್ ಮಾಡಿ ತೆಗೆಯಿರಿ. ಆ ಮೂಲೆ ಚೂಪಾಗಿ ಬಂದು ಎದುರು ಮೂಲೆ ಕೆಟ್ಟರೆ, ಫೋಕಸ್ ಆಗುವ ಸಮತಲವೇ ವಾಲಿದೆ. ಸಾಮಾನ್ಯವಾಗಿ ಮೌಂಟ್ ಬಾಗಿರುವುದು ಅಥವಾ ಗಾಜು ಓರೆಯಾಗಿರುವುದು ಇದಕ್ಕೆ ಕಾರಣ. ಏನು ಮಾಡಿದರೂ ಆ ಮೂಲೆ ಚೂಪಾಗದಿದ್ದರೆ ಗಾಜು ಪಕ್ಕಕ್ಕೆ ಸರಿದಿರುವ ಸಾಧ್ಯತೆ ಜಾಸ್ತಿ. ರಿಪೇರಿಯವರಿಗೆ ಈ ಎರಡು ಫೋಟೋ ತೋರಿಸಿದರೆ ಅವರ ಕೆಲಸ ಎಷ್ಟೋ ಹಗುರ.

ಹತ್ತಿರದ ಗೋಡೆಯಲ್ಲಿ ಸರಿ ಕಂಡ ಲೆನ್ಸನ್ನು ದೂರಕ್ಕೂ ಒಮ್ಮೆ ನೋಡಬೇಕು. ನಮ್ಮ ಕಡೆ ಇದಕ್ಕೆ ಜಂಬಿಟ್ಟಿಗೆ ಗೋಡೆಯಂಥ ಗುರಿ ಇನ್ನೊಂದಿಲ್ಲ. ಆ ಕಲ್ಲಿನ ತೂತುಗಳೆಲ್ಲ ಫ್ರೇಮಿನ ಈ ತುದಿಯಿಂದ ಆ ತುದಿಯವರೆಗೆ ಕಾಣಬೇಕು. ಉದ್ದನೆಯ ಹೆಂಚಿನ ಮಾಡಾದರೂ ಆದೀತು.

ಸೂಜಿ ತೂತಿನ ಬೆಳಕು

ಇದು ರಾತ್ರಿ ಮಾಡುವ ಪರೀಕ್ಷೆ. ಅಡುಗೆ ಮನೆಯ ಅಲ್ಯೂಮಿನಿಯಂ ಫಾಯಿಲ್‌ಗೆ ಸೂಜಿಯಿಂದ ಒಂದು ತೂತು ಮಾಡಿ ಮೊಬೈಲ್ ಟಾರ್ಚಿಗೆ ಅಂಟಿಸಿ, ಕತ್ತಲೆ ಕೋಣೆಯಲ್ಲಿ ನಾಲ್ಕೈದು ಮೀಟರ್ ದೂರ ಇಡಿ. ಕ್ಯಾಮೆರಾ ಟ್ರೈಪಾಡಿನಲ್ಲಿ, ಅಪರ್ಚರ್ ಪೂರ್ತಿ ತೆರೆದು, ಬೆಳಕಿನ ಚುಕ್ಕೆ ಫ್ರೇಮಿನ ನಡುವೆ. ಮ್ಯಾನುಯಲ್ ಫೋಕಸ್‌ನಲ್ಲಿ ಮೊದಲು ಚುಕ್ಕೆಯನ್ನು ಚೂಪು ಮಾಡಿ, ಆಮೇಲೆ ಫೋಕಸ್ ಒಂಚೂರು ತಪ್ಪಿಸಿ. ಚುಕ್ಕೆ ಬಿಲ್ಲೆಯಾಗಿ ಹರಡುತ್ತದೆ. ಸರಿಯಿರುವ ಲೆನ್ಸಿನಲ್ಲಿ ಬಿಲ್ಲೆ ಗುಂಡಗೆ, ಸುತ್ತ ಒಂದೇ ಬೆಳಕಿನಲ್ಲಿ ಇರುತ್ತದೆ. ಪೆಟ್ಟಾದ ಲೆನ್ಸಿನಲ್ಲಿ ಒಂದು ಕಡೆ ಬೆಳಕು ಒತ್ತಾಗಿ, ಇನ್ನೊಂದು ಕಡೆ ಬಾಲದ ಹಾಗೆ ಎಳೆದಿರುತ್ತದೆ.

ಆಮೇಲೆ ಚುಕ್ಕೆ ನಾಲ್ಕು ಮೂಲೆಗೂ ಬರುವ ಹಾಗೆ ಕ್ಯಾಮೆರಾ ತಿರುಗಿಸಿ ತೆಗೆಯಿರಿ. ಮೂಲೆಯಲ್ಲಿ ಬಿಲ್ಲೆ ಬೆಕ್ಕಿನ ಕಣ್ಣಿನ ಆಕಾರಕ್ಕೆ ಬರುವುದು ಬಹಳಷ್ಟು ಲೆನ್ಸಿನಲ್ಲಿ ಇದ್ದದ್ದೇ. ನಾಲ್ಕೂ ಒಂದಕ್ಕೊಂದು ಕನ್ನಡಿ ಹಿಡಿದ ಹಾಗಿದೆಯಾ, ಅದನ್ನಷ್ಟೇ ನೋಡಿ.

ಲೆನ್ಸಾ, ಬಾಡಿಯಾ?

ಎರಡೂ ಒಟ್ಟಿಗೆ ಬಿದ್ದಿದ್ದರೆ ಇದು ತಿಳಿಯಲೇಬೇಕು. ಬೀಳದೇ ಇದ್ದ ಬೇರೆ ಲೆನ್ಸನ್ನು ಅದೇ ಕ್ಯಾಮೆರಾಗೆ ಹಾಕಿ ಗೋಡೆ ಪರೀಕ್ಷೆ ಮಾಡಿ. ಅದರಲ್ಲೂ ಅದೇ ಮಗ್ಗುಲು ಕೆಟ್ಟರೆ ಬಾಡಿಯ ಮೌಂಟೋ ಸೆನ್ಸರೋ ವಾಲಿದೆ. ಡಿಎಸ್ಎಲ್ಆರ್ ಆದರೆ ಇನ್ನೊಂದು: ಲೈವ್ ವ್ಯೂನಲ್ಲಿ ಫೋಕಸ್ ಮಾಡಿದ ಫೋಟೋ ಚೂಪಾಗಿದ್ದು, ವ್ಯೂಫೈಂಡರಿನಲ್ಲಿ ಮಾಡಿದ್ದು ಮಸುಕಾಗಿದ್ದರೆ ಗಾಜು ಸರಿಯಿದೆ, ಫೋಕಸ್ ಹೊಂದಾಣಿಕೆ ಮಾತ್ರ ತಪ್ಪಿದೆ. ಕೆಲವು ಬಾಡಿಗಳಲ್ಲಿ ಮೆನುವಿನಲ್ಲೇ ಅದನ್ನು ಸರಿಮಾಡಿಕೊಳ್ಳುವ ಅವಕಾಶ ಇರುತ್ತದೆ.

ರಿಪೇರಿಗೆ ಕೊಡುವಾಗ

ಕಿಟ್ ಲೆನ್ಸ್ ಆದರೆ ಒಳಗೆ ಬಿಚ್ಚಿ ಸರಿಮಾಡಿಸುವ ಖರ್ಚಿಗೆ ಹಲವು ಸಲ ಅಂಥದ್ದೇ ಸೆಕೆಂಡ್ ಹ್ಯಾಂಡ್ ಸಿಗುತ್ತದೆ. ಅದನ್ನು ಕೊಳ್ಳುವಾಗಲೂ ಈ ಐದು ಹಾಳೆ ಒಯ್ಯಿರಿ. ದುಬಾರಿ ಲೆನ್ಸ್ ಆದರೆ ರಿಪೇರಿಯೇ ಸರಿ. ಎಷ್ಟಾಗುತ್ತದೆ, ಏನು ಬದಲಿಸುತ್ತಾರೆ ಅಂತ ಬರೆಸಿಕೊಂಡೇ ಕೊಡಿ, ಸೀರಿಯಲ್ ನಂಬರ್ ಅದೇ ಚೀಟಿಯಲ್ಲಿರಲಿ. "ಫೋಟೋ ಸರಿ ಬರ್ತಿಲ್ಲ" ಅಂದರೆ ಅವರು ನಡುವಿನ ಫೋಕಸ್ ನೋಡಿ ವಾಪಸ್ ಕೊಟ್ಟುಬಿಡಬಹುದು. "50ರ ಮೇಲೆ, ಪೂರ್ತಿ ತೆರೆದಾಗ, ಬಲಗಡೆ" ಅಂತ ಹೇಳಿ, ಫೋಟೋಗಳನ್ನು ಪೆನ್ ಡ್ರೈವಿನಲ್ಲಿ ಹಾಕಿಕೊಡಿ.

ಮಲೆನಾಡು, ಕರಾವಳಿಯವರು ರಿಪೇರಿ ಮುಂದೂಡಬೇಡಿ. ಬಿದ್ದಾಗ ಸಂದು ಬಿಟ್ಟ ಲೆನ್ಸಿನೊಳಗೆ ಮಳೆಗಾಲದ ತೇವ ಹೋಗಿ ಕೂತರೆ ಫಂಗಸ್ ಬರಲು ಎರಡು ತಿಂಗಳು ಸಾಕು. ಅಲ್ಲಿಯವರೆಗೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ.

ಲೆನ್ಸ್ ವಾಪಸ್ ಬಂದ ದಿನವೇ ಹಾಳೆಗಳನ್ನು ಮತ್ತೆ ಅಂಟಿಸಿ. ಮೊದಲು ತೆಗೆದ ಅದೇ ಗೋಡೆ, ಅದೇ ದೂರ, ಅದೇ ಅಪರ್ಚರ್. ನನ್ನ 24-70 ಮೂರು ವಾರದ ಮೇಲೆ ಬಂತು. 55ರಲ್ಲಿ ತೆಗೆದು ಬಲ ಮೇಲಿನ ಮೂಲೆ ದೊಡ್ಡದು ಮಾಡಿದೆ. 'ಸಂಪರ್ಕಿಸಿ' ಅನ್ನುವ ಪದದ ಅರ್ಕಾವತ್ತು ತೆರೆದುಕೊಂಡಿತ್ತು, ಒಳಗೆ ಬಿಳಿ ಕಾಗದ ಕಾಣುತ್ತಿತ್ತು. ಆಮೇಲೆ ಆ ಮನೆಗೆ ಫೋನ್ ಮಾಡಿ, ಅಜ್ಜಿಗೆ ಯಾವ ದಿನ ಅನುಕೂಲ ಅಂತ ಕೇಳಿದೆ.